ಕೊನೆಯ ಹದಿನಾರು ಪುಟ

ಕಾರ್ಡು ಬರೆದವರು ಜಗಳೂರಿನ ಪ್ರೇಮಮ್ಮ. ಅದನ್ನು ಓದಬೇಕಾಗಿದ್ದವರು ಚನ್ನಗಿರಿಯ ಹಾಲಸ್ವಾಮಿ ಮೇಷ್ಟ್ರು. ಆದರೆ ಅದು ಮೇಷ್ಟ್ರ ಕೈ ಸೇರುವಷ್ಟರಲ್ಲಿ ಜಗಳೂರಿನ ಅಂಚೆಯವರು, ದಾವಣಗೆರೆಯ ಅಂಚೆಯವರು, ಚನ್ನಗಿರಿಯ ಅಂಚೆಯವರು, ಬಸ್ ನಿಲ್ಲುವ ಕಡೆಯ ಹೋಟೆಲಿನಲ್ಲಿ ಬೆಳಗಿನ ಕಾಫಿಗೆ ಕೂತಿದ್ದ ಏಳೆಂಟು ಮಂದಿ, ಎಲ್ಲರೂ ಓದಿ ಮುಗಿಸಿದ್ದರು. ಕಾರ್ಡು ಎಂದಮೇಲೆ ಅದು ಊರಿನ ಸೊತ್ತು, ಗುಟ್ಟು ಇದ್ದವರು ಲಕೋಟೆ ಕೊಂಡುಕೊಳ್ಳಲಿ ಎಂಬುದು ಅಂಚೆ ಹಂಚುವ ಅಮೀರ್‌ಜಾನರ ಧೋರಣೆ.

"ಮೇಷ್ಟ್ರೇ, ಸೋದರಮಾವನೇ ಅಂತೆ ಕಳ್ಳ," ಎಂದು ಅವರು ಹೊಸಿಲಾಚೆಯಿಂದಲೇ ಕೂಗಿದರು. "ನಂಗೂ ಅವನ ಮ್ಯಾಲೇ ಅನುಮಾನ ಇತ್ತು ಬಿಡ್ರಿ."

ಹಾಲಸ್ವಾಮಿ ಮೇಷ್ಟ್ರು ಓಡಿಬಂದು ಕಾರ್ಡು ಕಿತ್ತುಕೊಂಡರು. ಏಕೆಂದರೆ ಸೋದರಮಾವನೇ ಕಳ್ಳ ಎಂಬುದು ಈ ಪ್ರಪಂಚದಲ್ಲಿ ತಮ್ಮೊಬ್ಬರಿಗೇ ಗೊತ್ತಿದೆ ಎಂದು ಅವರು ತಿಳಿದಿದ್ದರು. ಅವರ 'ಪತ್ತೇದಾರ ಪ್ರಚಂಡರಾಯ' ಮಾಲೆಯ ಮೂವತ್ತನೆಯ ಪುಸ್ತಕ 'ಕಾಣೆಯಾದ ಕಂಠೀಸರ' ಇನ್ನೂ ಅಚ್ಚಿನ ಮನೆಯಲ್ಲಿತ್ತು. ಕಳ್ಳ ಸಿಕ್ಕಿಬೀಳುವ ಕೊನೆಯ ಅಧ್ಯಾಯ ಅವರ ಕೋಟಿನ ಜೇಬಿನಲ್ಲಿಯೇ ಇತ್ತು.

ಕಾರ್ಡಿನಲ್ಲಿ ಹೀಗಿತ್ತು: "ಮಾನ್ಯರೇ, ತಮ್ಮ ಇಪ್ಪತ್ತೊಂಬತ್ತು ಪುಸ್ತಕಗಳನ್ನೂ ಓದಿದ್ದೇನೆ. ಮೂವತ್ತನೆಯದರ ಜಾಹೀರಾತು ನೋಡಿದೆ. ವಿಧವೆ, ಸೋದರಮಾವ, ಡಾಕ್ಟರು, ಗುಮಾಸ್ತ, ಅಡುಗೆಭಟ್ಟ, ಇವರಲ್ಲಿ ಕಳ್ಳರಾರು ಎಂದು ಕೇಳಿದ್ದೀರಿ. ಇಪ್ಪತ್ತೇಳರಲ್ಲಿ ಡಾಕ್ಟರು ಕದ್ದಾಯಿತು. ಇಪ್ಪತ್ತೆಂಟರಲ್ಲಿ ಗುಮಾಸ್ತ ಕದ್ದ. ಇಪ್ಪತ್ತೊಂಬತ್ತರಲ್ಲಿ ಅಡುಗೆಭಟ್ಟ. ಈಗ ಸೋದರಮಾವನ ಸರದಿ. ನಾನು ಹೇಳಿದ್ದು ಸರಿಯಿದ್ದರೆ ದಯಮಾಡಿ ಒಂದು ಕಾರ್ಡು ಬರೆಯಿರಿ, ಪುಸ್ತಕ ತರಿಸುವುದನ್ನು ನಿಲ್ಲಿಸುತ್ತೇನೆ."

"ಆ ಸೋದರಮಾವ ಬ್ಯಾಡ ಅಂತ ನಾನು ಆಗ್ಲೇ ಬಡ್ಕೊಂಡೆ," ಎಂದು ಹೆಂಡತಿ ಅನ್ನಪೂರ್ಣಮ್ಮ ಒಳಗಿನಿಂದ ಹೇಳಿದರು. ಹಾಗೆ ಅವರು ಎಂದೂ ಹೇಳಿರಲಿಲ್ಲ. ಮಾಲೆಯ ಹನ್ನೆರಡನೆಯ ಪುಸ್ತಕದ ನಂತರ ಅವರು ಒಂದನ್ನೂ ಓದಿರಲಿಲ್ಲ.

ಮೇಷ್ಟ್ರು ಗೋಡೆಗೆ ಒರಗಿ ಕುಳಿತರು. ಒಂಬತ್ತು ವರ್ಷದ ಹಿಂದೆ ಹೀಗಿರಲಿಲ್ಲ. ಆಗ ಪ್ರಚಂಡರಾಯ ಎಡಹುಬ್ಬು ಏರಿಸಿದರೆ ಓದುವವರ ಮೈ ಜುಮ್ಮೆನ್ನುತ್ತಿತ್ತು. ಹೊನ್ನಾಳಿಯಲ್ಲಿ ಜನ ಪುಸ್ತಕದ ಕಟ್ಟಿಗಾಗಿ ಬಸ್ಸು ಬರುವ ದಾರಿ ಕಾಯುತ್ತಿದ್ದರು. ನ್ಯಾಮತಿಯಲ್ಲಂತೂ ಒಂದೇ ಪ್ರತಿಯ ಹೊಲಿಗೆ ಬಿಚ್ಚಿ, ಹದಿನಾರು ಹದಿನಾರು ಪುಟ ಹಂಚಿಕೊಂಡು, ಎಂಟು ಮನೆಯವರು ಒಂದೇ ದಿನ ಓದುತ್ತಿದ್ದರು. ಕೊನೆಯ ಹದಿನಾರು ಪುಟ ಮೊದಲು ಸಿಕ್ಕವರು ಬಾಯಿ ಬಿಟ್ಟರೆ ಜಗಳವೇ ಆಗುತ್ತಿತ್ತು. ಆಗ ಮೇಷ್ಟ್ರು ತಿಂಗಳುಗಟ್ಟಲೆ ತಲೆ ಕೆರೆದುಕೊಂಡು ಬರೆಯುತ್ತಿದ್ದರು. ಈಗ ತಲೆ ತನ್ನ ಪಾಡಿಗೆ ಇರುತ್ತಿತ್ತು, ಕೈ ತನ್ನ ಪಾಡಿಗೆ ಬರೆಯುತ್ತಿತ್ತು. ಎಡಹುಬ್ಬು ಮಾತ್ರ ಪುಟಕ್ಕೆರಡು ಸಲ ಏರುತ್ತಲೇ ಇತ್ತು. ಹೊಸತನ ಯಾವಾಗ ಕೈಬಿಟ್ಟು ಹೋಯಿತೋ ಅವರಿಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲವಲ್ಲ ಎಂಬುದೇ ಅವರ ಕೊರಗು.

ಕೊನೆಯನ್ನು ಬದಲಾಯಿಸಲೇಬೇಕು ಎಂದುಕೊಂಡರು. ಕೂಡಲೇ ಒಂದು ಚೀಟಿಯಲ್ಲಿ "ಹೊಟ್ಟೆನೋವಿನ ನಿಮಿತ್ತ ಒಂದು ದಿನದ ರಜ ದಯಪಾಲಿಸಬೇಕು" ಎಂದು ಬರೆದು, ಸ್ಕೂಲಿಗೆ ಮುಟ್ಟಿಸಿ ಎಂದು ಅಮೀರ್‌ಜಾನರ ಕೈಗೇ ಕೊಟ್ಟರು. ಅದು ಅವರು ಆ ದಿನ ಮಾಡಿದ ಮೊದಲ ತಪ್ಪು.

ಗೌಸ್‌ಪೀರ್ ಸಾಹೇಬರ ಅಚ್ಚಿನ ಮನೆಗೆ ಹೋಗಿ ಮೆಟ್ಟಿಲು ಹತ್ತುವುದರೊಳಗೆ ಸೋಡಾ ಸಿದ್ಧವಾಗಿತ್ತು.

"ಬರ್ರಿ ಮೇಷ್ಟ್ರೇ, ಹೊಟ್ಟೆನೋವಂತೆ? ಮೊದ್ಲು ಇದನ್ನ ಕುಡೀರಿ," ಎಂದು ಸಾಹೇಬರು ಉಪಚರಿಸಿದರು. ಅವರು ಹೊನ್ನಾಳಿಗೆ ಹೊರಟು ಶೇರ್ವಾನಿ ತೊಟ್ಟು ನಿಂತಿದ್ದರು. ಮಾಲೆಯ ಪ್ರಕಾಶಕರೂ ಅವರೇ. ಸೋಡಾ ಗಂಟಲಿಗಿಳಿಯುವುದನ್ನೇ ಕಾದಿದ್ದು ಮಾತಿಗೆ ಬಂದರು. "ಕಾರ್ಡು ನಾನೂ ನೋಡಿದೆ. ಹೊನ್ನಾಳಿಯೋರು ಹೋದ್ಸಲ ಅರ್ಧ ಕಟ್ಟು ವಾಪಸ್ ಕಳ್ಸ್ಯಾರೆ. ನ್ಯಾಮತಿಯೋರು ಕಟ್ಟೇ ಬಿಚ್ಚಿಲ್ಲ. ಯುದ್ಧದ ದೆಸೆಯಿಂದ ನಂಗೆ ಸಿಗೋ ಕಾಗ್ದ ಇಷ್ಟೇ ಇಷ್ಟು. ಅದ್ರಾಗೆ ಮದುವೆ ಪತ್ರಿಕೆ ಹಾಕಿದ್ರೆ, ಕೊನೆ ಮೊದ್ಲೇ ಗೊತ್ತಾತು ಅಂತ ಯಾರೂ ವಾಪಸ್ ಕಳ್ಸಲ್ಲ ನೋಡ್ರಿ."

"ಇದೊಂದು ಸಲ ನೋಡ್ರಿ ಸಾಹೇಬ್ರೇ."

"ನೋಡ್ತೀನಿ. ಏಳು ಫಾರಂ ಅಚ್ಚಾಗಿ ಕೂತೈತೆ, ಅದನ್ನ ಮುಟ್ಟಂಗಿಲ್ಲ. ಕೊನೇ ಫಾರಂ, ಹದಿನಾರು ಪುಟ, ಅದೊಂದು ನಿಮ್ಮ ಕೈಯಾಗೈತೆ. ಸಂಜೆ ಒಳಗೆ ರಸೂಲ್‌ಗೆ ತಂದ್ಕೊಡ್ರಿ. ನಾಳೆ ಬೆಳಿಗ್ಗೆ ಬಸ್ಸಿಗೆ ಕಟ್ಟು ಹೋಗ್ಲೇಬೇಕು. ಈ ಸಲಾನೂ ಜನ ಕಳ್ಳನ್ನ ಮೊದ್ಲೇ ಹೇಳಿದ್ರೆ, ಮೂವತ್ತಕ್ಕೇ ಮಂಗಳ ಹಾಡಿಬಿಡೋಣ."

ಸಾಹೇಬರು ಬಸ್ಸು ಹಿಡಿಯಲು ಹೋದರು. ಅಚ್ಚಿನ ಅಕ್ಷರದ ಮೊಳೆ ಜೋಡಿಸುವ ರಸೂಲ್ ತಲೆಯೆತ್ತದೆ ಕೆಲಸದಲ್ಲಿದ್ದರು. ಗಡ್ಡಕ್ಕೆ ಬೆಳ್ಳಿ ಬಂದ, ಮಾತು ಕಡಿಮೆಯ ಮನುಷ್ಯ. ಮೂಲೆಯಲ್ಲಿ ಗೋಣಿತಾಟು ಹೊದಿಸಿದ ಏನೋ ಒಂದು ಹಲಗೆಯಿತ್ತು. ಮೇಷ್ಟ್ರು ಅದರ ಮೇಲೆ ಕೂರಲು ಹೋದಾಗ ರಸೂಲ್, "ಅಲ್ಲಿ ಬ್ಯಾಡ ಮೇಷ್ಟ್ರೆ, ಮೊಳೆ ಕಟ್ಟಿಟ್ಟಿವ್ನಿ, ಚದುರಿದ್ರೆ ನನ್ ಗತಿ ಮುಗೀತು," ಎಂದು ತಡೆದರು.

"ಈ ಸಲ ಕೊನೆ ಬ್ಯಾರೆ ಥರ ಇರ್ತೈತೆ ರಸೂಲ್ ಸಾಬ್ರೇ."

"ಹೂಂ ಮೇಷ್ಟ್ರೆ, ಗೊತ್ತೈತೆ," ಎಂದರು ರಸೂಲ್. "ಕಳ್ಳನ ಹೆಸರಿಗೆ ಕೆಂಪು ಗೆರೆ ಎಳ್ಯಾದು ಮರೀಬ್ಯಾಡ್ರಿ."

ಆ ಪದ್ಧತಿ ರಸೂಲರದೇ. ಕಳ್ಳನ ಹೆಸರಿನಲ್ಲಿ ಅಚ್ಚಿನ ತಪ್ಪಾದರೆ ನಿರಪರಾಧಿ ಸಿಕ್ಕಿಬೀಳುತ್ತಾನೆ, ಆದ್ದರಿಂದ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಡಿ ಎಂದು ಎಷ್ಟೋ ವರ್ಷದ ಹಿಂದೆ ಕೇಳಿಕೊಂಡಿದ್ದರು. ಎಂಥ ನಿಷ್ಠೆ ಎಂದು ಮೇಷ್ಟ್ರು ಆಗಲೇ ಮನಸ್ಸಿನಲ್ಲಿ ಮೆಚ್ಚಿದ್ದರು.

ಬೀದಿಗಿಳಿದು ಯೋಚಿಸಿದರು. ಅಚ್ಚಾಗಿರುವ ಏಳು ಫಾರಮ್ಮಿನಲ್ಲಿ ಇರುವವರು ಐದೇ ಜನ. ಡಾಕ್ಟರು, ಗುಮಾಸ್ತ, ಅಡುಗೆಭಟ್ಟ, ಮೂವರೂ ಈಗಾಗಲೇ ಕದ್ದು ಹಳಸಿದವರು. ಸೋದರಮಾವ ಬಯಲಾದ. ಉಳಿದವಳು ವಿಧವೆ. ಸರ ಅವಳದೇ. ತನ್ನ ಸರವನ್ನು ತಾನೇ ಯಾರು ಕದಿಯುತ್ತಾರೆ? ದಾರಿಯುದ್ದಕ್ಕೂ ಇದೇ ಯೋಚನೆ. ಅಷ್ಟರಲ್ಲಿ ಒಬ್ಬರು ತಡೆದು ಶುಂಠಿ ಕಷಾಯ ಕುಡಿಸಿದರು. ಇನ್ನೊಬ್ಬರು ಜೀರಿಗೆ ಕಷಾಯ ಕುಡಿಸಿದರು. ಇಬ್ಬರೂ ಕೊನೆಯಲ್ಲಿ, "ಸೋದರಮಾವನೇ ಅಂತಲ್ಲ ಮೇಷ್ಟ್ರೆ?" ಎಂದು ಕೇಳಿದರು.

ಇದರಿಂದ ಪಾರಾಗಲು ಅವರು ಅಡಿಕೆ ಸಾಹುಕಾರ ಮುರುಗೇಶಪ್ಪನವರ ಜಗಲಿ ಹತ್ತಿದರು. ಅಡಿಕೆ ಸುಲಿಯುವ ಕಾಲ. ಮನೆಯ ಮಗ್ಗುಲಿನ ಚಪ್ಪರದಲ್ಲಿ ಇಪ್ಪತ್ತು ಮಂದಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತಿದ್ದರು. ಕತ್ತಿಯ ಸದ್ದು ಮಳೆ ಹನಿ ಬಿದ್ದಂತೆ ಒಂದೇ ಸಮನೆ ಕೇಳುತ್ತಿತ್ತು. ಮುರುಗೇಶಪ್ಪನವರು ಒಂದು ಹಿಡಿ ಓಮಿನಕಾಳು ತಂದು ಬಾಯಿಗೆ ಹಾಕಿಸಿ, ಮೇಲೆ ಬಿಸಿನೀರು ಕುಡಿಸಿದರು.

ಬಾಯಿತುಂಬ ಓಮಿನಕಾಳು, ತಲೆತುಂಬ ಕಂಠೀಸರ. ಮೇಷ್ಟ್ರು ಅನ್ಯಮನಸ್ಕರಾಗಿ ಕೇಳಿಬಿಟ್ಟರು: "ಸಾಹುಕಾರ್ರೇ, ನಿಮ್ಮನೇದೇ ಒಂದು ಸರ ನೀವೇ ಕದ್ರೆ, ಎಲ್ಲಿ ಬಚ್ಚಿಡ್ತೀರಿ? ಅಡಿಕೆ ಚೀಲದಾಗಾ?"

ಇದು ಆ ದಿನದ ಎರಡನೆಯ ತಪ್ಪು. ಮುರುಗೇಶಪ್ಪನವರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವರ ಅಕ್ಕ ದೊಡ್ಡಕ್ಕ ಹೊರಗೆ ಬಂದರು.

"ಏನಂದ್ರಿ ಮೇಷ್ಟ್ರೆ? ನಮ್ಮನೆ ಸರಾನಾ?"

"ಇಲ್ಲ ತಾಯಿ, ಸುಮ್ನೆ ಕೇಳಿದೆ."

"ಇಂಥೋರು ಸುಮ್ನೆ ಕೇಳ್ತಾರೇನೋ ಮುರುಗೇಶಿ? ಒಂಬತ್ತು ವರ್ಷದಿಂದ ಕಳ್ಳರನ್ನ ಹಿಡಿಯೋರು ಇವ್ರು! ಏನೋ ವಾಸ್ನೆ ಹತ್ತಿರಬೇಕು. ಚೀಲ ಸುರಿಸು ಮೊದ್ಲು!"

ದೊಡ್ಡಕ್ಕ ಹೇಳಿದಮೇಲೆ ಆ ಮನೆಯಲ್ಲಿ ಎರಡನೆಯ ಮಾತಿಲ್ಲ. ಹನ್ನೆರಡು ಚೀಲ ಅಡಿಕೆ ಅಂಗಳಕ್ಕೆ ಸುರಿಯಿತು. ಅಕ್ಕಪಕ್ಕದವರು ಕೂಡಿದರು. ಕೂಡಿದವರೆಲ್ಲ ಒಂದೊಂದು ಸುಳಿವು ಕೊಟ್ಟರು. ಸುದ್ದಿ ಬೀದಿಯ ಆ ತುದಿಗೆ ಮುಟ್ಟುವಾಗ ಒಂದು ಸರ ಮೂರು ಸರವಾಗಿತ್ತು. "ಮೇಷ್ಟ್ರೆ, ನಿಮ್ಮ ಪ್ರಚಂಡರಾಯ ಆಗಿದ್ರೆ ಈಗ ಏನು ಮಾಡ್ತಿದ್ದ?" ಎಂದು ಒಬ್ಬರು ಕೇಳಿದರು. "ಎಡಹುಬ್ಬು ಏರಿಸ್ತಿದ್ದ," ಎಂದು ಇನ್ನೊಬ್ಬರು ಉತ್ತರ ಕೊಟ್ಟರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅಲ್ಲಿಗೆ ಬಿಟ್ಟಿದ್ದರೆ ಚಿಂತೆಯಿರಲಿಲ್ಲ. ದೊಡ್ಡಕ್ಕ ಸುಲಿಯುವ ಹೆಂಗಸರನ್ನು ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರೂ ಸೆರಗು ಕೊಡವಿ, ಎಲೆಅಡಿಕೆ ಚೀಲ ಬಿಚ್ಚಿ ತೋರಿಸಬೇಕಾಯಿತು. ಮೇಷ್ಟ್ರು "ಬ್ಯಾಡ ತಾಯಿ, ನಂದೇ ತಪ್ಪು" ಎಂದು ಮೂರು ಸಲ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಿಗ್ಗೆಯಿಂದ ಕೈ ಕಪ್ಪಾಗುವಂತೆ ಸುಲಿದ ಆ ಹೆಂಗಸರು ತಲೆ ತಗ್ಗಿಸಿ ಸೆರಗು ಕೊಡವುವುದನ್ನು ನೋಡಿ ಅವರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಇಪ್ಪತ್ತೊಂಬತ್ತು ಪುಸ್ತಕಗಳಲ್ಲೂ ಇಂಥದೊಂದು ಸಾಲು ನಿಲ್ಲಿಸಿದ್ದವರು ಅವರೇ. ಆ ಸಾಲಿನಲ್ಲಿ ನಿಂತವರಿಗೆ ಹೇಗಾಗುತ್ತದೆ ಎಂದು ಒಮ್ಮೆಯೂ ಬರೆದಿರಲಿಲ್ಲ.

ಕಟ್ಟಕಡೆಗೆ ಮುರುಗೇಶಪ್ಪನವರು, "ಅಕ್ಕಾ, ಪೆಟ್ಟಿಗೆ ತೆಗ್ದು ನೋಡಿದ್ಯಾ?" ಎಂದರು. ದೊಡ್ಡಕ್ಕ ಪೆಟ್ಟಿಗೆ ತೆಗೆದು ನೋಡಿದರು. ಸರ ತನ್ನ ಜಾಗದಲ್ಲಿ ತಣ್ಣಗೆ ಮಲಗಿತ್ತು.

ಜನ ಚದುರಿದರು. ಮುರುಗೇಶಪ್ಪನವರು ಸುರಿದ ಅಡಿಕೆಯನ್ನೂ ಮೇಷ್ಟ್ರನ್ನೂ ನೋಡಿ ಒಳಗೆ ಹೋದರು. ಮೇಷ್ಟ್ರು ಚಪ್ಪರಕ್ಕೆ ಬಂದು ಕೈ ಮುಗಿದರು. "ನನ್ನಿಂದ ನಿಮಗೆ ಅವಮಾನ ಆತು. ತಪ್ಪಾತು," ಎಂದರು.

ಸಾಲಿನ ಕೊನೆಯಲ್ಲಿದ್ದ ಮುದುಕಿ ಭೀಮಕ್ಕ ನಕ್ಕಳು. "ಕೂತ್ಕೊಳ್ರಿ ಮೇಷ್ಟ್ರೆ, ಹೊಟ್ಟೆನೋವಿನೋರು. ಒಡವೆ ಕಾಣ್ದಾದ್ರೆ ಎಲ್ಲಾರೂ ಕಳ್ಳನ್ನೇ ಹುಡುಕ್ತಾರೆ. ನನ್ ಗುಂಡಿನ ಸರ ಹೋದಾಗ ಕಳ್ಳ ಅನ್ನೋನು ಯಾರೂ ಇರ್ಲಿಲ್ಲ."

"ಮತ್ತೆ?"

"ನಾನೇ ಮಾರಿದ್ದೆ," ಎಂದಳು ಭೀಮಕ್ಕ, ಸುಲಿಯುವುದನ್ನು ನಿಲ್ಲಿಸದೆ. "ನ್ಯಾಮತ್ಯಾಗೆ ನನ್ ತಂಗಿ ಬಾಣಂತನದಾಗೆ ಸಾಯಾಕೆ ಬಿದ್ದಿದ್ಲು. ಮನೇರನ್ನ ಕೇಳಿದ್ರೆ ಬ್ಯಾಡ ಅಂದುಬಿಟ್ಟಾರು ಅಂತ ಹೆದ್ರಿಕೆ. ಹೊನ್ನಾಳ್ಯಾಗೆ ಮಾರ್ಬಿಟ್ಟು, ಬಟ್ಟೆ ಒಗೆಯುವಾಗ ಅಲ್ಲೇ ಹೊಳ್ಯಾಗೆ ಬಿತ್ತು ಅಂದೆ. ಆಮ್ಯಾಲೆ ಹೊನ್ನಾಳಿ ದಾರಿಗೆ ಹೋದಾಗೆಲ್ಲ ನಮ್ಮ ಯಜಮಾನ್ರು ಪಂಚೆ ಎತ್ಕಟ್ಟಿ ನೀರಿಗಿಳ್ಯೋರು. ಮರಳೆಲ್ಲ ಕೆದಕೋರು."

"ಅಯ್ಯೋ ಪಾಪ, ಅವರಿಗೆ ಗೊತ್ತೇ ಇರ್ಲಿಲ್ಲ."

"ಗೊತ್ತಿತ್ತು ಮೇಷ್ಟ್ರೆ. ಸರ ಕೊಂಡ ಅಂಗಡಿಯೋನು ಅವರ ಗೆಣೆಕಾರನೇ ಆಗಿದ್ದ, ವಾರ ಕಳ್ಯೋದ್ರಾಗೆ ಹೇಳಿದ್ದ. ಅದು ನಂಗೂ ಗೊತ್ತಾತು. ಆದ್ರೂ ಹನ್ನೆರಡು ವರ್ಷ ಹುಡುಕ್ದಂಗೆ ಮಾಡಿದ್ರು. ನಾನು ದಡದ ಮ್ಯಾಲೆ ನಿಂತ್ಕೊಂಡು 'ಸಿಕ್ತಾ?' ಅಂತ ಕೇಳೋಳು. 'ಇಲ್ಲ ಕಣೇ, ಮುಂದಿನ ಸಲ ನೋಡಾನ' ಅನ್ನೋರು. ಹಿಂಗೇ ಕಾಲ ಕಳೀತು."

ಕತ್ತಿಯ ಸದ್ದು ಮತ್ತೆ ಒಂದೇ ಸಮನೆ ಕೇಳತೊಡಗಿತು. ಮೇಷ್ಟ್ರು ಪೆನ್ನು ತೆಗೆದರು, ಮತ್ತೆ ಜೇಬಿಗಿಟ್ಟರು. ಆಮೇಲೆ, "ಭೀಮಕ್ಕ, ಇದನ್ನ ನಾನು ಬರೀಲಾ?" ಎಂದರು.

"ಬರ್ಕೊಳ್ರಿ. ಯಜಮಾನ್ರು ಹೋಗಿ ಯಾವ್ದೋ ಕಾಲ ಆತು. ನನ್ ಹೆಸ್ರು ಹಾಕಬ್ಯಾಡ್ರಿ ಅಷ್ಟೇ."

ಅಲ್ಲಿಯೇ ಒಂದು ಬುಟ್ಟಿ ಬೋರಲು ಹಾಕಿಕೊಂಡು ಕೂತು ಬರೆದರು. ಎಷ್ಟೋ ವರ್ಷಗಳ ಮೇಲೆ ತಲೆ, ಕೈ, ಎದೆ ಮೂರೂ ಒಂದೇ ಕೆಲಸಕ್ಕೆ ಕೂಡಿದ್ದವು. ಪ್ರಚಂಡರಾಯನಿಗೆ ನಿಜ ತಿಳಿಯುತ್ತದೆ. ವಿಧವೆಯೇ ಸರವನ್ನು ಮಾರಿ, ಮನೆಬಿಟ್ಟ ತಂಗಿಯ ಜೀವ ಉಳಿಸಿದ್ದಾಳೆ. ಮನೆಯವರೆಲ್ಲ ಸಾಲಾಗಿ ನಿಂತಿದ್ದಾರೆ. ಅವನು ಎಲ್ಲರ ಮುಖವನ್ನೂ ನೋಡುತ್ತಾನೆ. ಮೂವತ್ತು ಪುಸ್ತಕಗಳಲ್ಲಿ ಮೊದಲ ಸಲ ಎಡಹುಬ್ಬು ಏರುವುದಿಲ್ಲ. "ಸರ ಸಿಗಲಿಲ್ಲ ತಾಯಿ," ಎನ್ನುತ್ತಾನೆ, "ಹುಡುಕುತ್ತಿರುತ್ತೇನೆ." ಅವಳು ಅವನ ಕಣ್ಣು ನೋಡಿ, ಅವನಿಗೆ ತಿಳಿದಿದೆ ಎಂದು ತಿಳಿದು, "ಸಿಕ್ಕರೆ ಹೇಳಿ," ಎನ್ನುತ್ತಾಳೆ. ಊರೆಲ್ಲ ಹೊಗಳಿದ ಪತ್ತೇದಾರ, ಸೋತವನೆಂಬ ಹೆಸರು ಹೊತ್ತು ಮನೆಗೆ ನಡೆದುಹೋಗುತ್ತಾನೆ.

ಬರೆದದ್ದನ್ನು ಹೆಂಗಸರಿಗೆ ಓದಿ ಹೇಳಿದರು. ಕೊನೆಕೊನೆಗೆ ಕತ್ತಿಗಳು ಒಂದೊಂದಾಗಿ ನಿಂತವು. ಭೀಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಇವತ್ತು ನಿಮ್ಮ ಪತ್ತೇದಾರ ಮನುಷ್ಯ ಆದ ಬಿಡ್ರಿ," ಎಂದಳು. ಮೇಷ್ಟ್ರ ಕಣ್ಣಲ್ಲೂ ನೀರು ಬಂತು. ಇಂಥದೊಂದನ್ನು ಬರೆಯಬೇಕೆಂದೇ ಅಲ್ಲವೇ ಒಂಬತ್ತು ವರ್ಷದ ಹಿಂದೆ ಪೆನ್ನು ಹಿಡಿದದ್ದು ಎಂದು ನೆನಪಾಯಿತು. ಇದೊಂದು ಅಧ್ಯಾಯ ಅಚ್ಚಾಗಿ ನಾಲ್ಕು ಜನರ ಕೈ ಸೇರಿದರೆ ಸಾಕು, ಮಾಲೆ ನಿಂತರೆ ನಿಲ್ಲಲಿ ಎನಿಸಿತು. ಆ ಹುಮ್ಮಸ್ಸಿನಲ್ಲಿ, ಎಂದೂ ಇಲ್ಲದ್ದು, ಹಾಳೆಯ ಕೊನೆಗೆ 'ಹಾಲಸ್ವಾಮಿ' ಎಂದು ದೊಡ್ಡದಾಗಿ ಸಹಿ ಮಾಡಿದರು. ಸಹಿ ಚೆನ್ನಾಗಿ ಕಂಡಿತು. ಜೇಬಿನಲ್ಲಿದ್ದ ಸ್ಕೂಲಿನ ಕೆಂಪು ಪೆನ್ಸಿಲು ತೆಗೆದು ಅದರ ಕೆಳಗೆ ಎರಡು ಗೆರೆ ಎಳೆದರು.

ಸಂಜೆ ಅಚ್ಚಿನ ಮನೆ ಮುಟ್ಟುವಾಗ ಸೋಡಾ, ಶುಂಠಿ, ಜೀರಿಗೆ, ಓಮಿನಕಾಳು ನಾಲ್ಕೂ ಸೇರಿ ಹೊಟ್ಟೆಯಲ್ಲಿ ಪಂಚಾಯಿತಿ ನಡೆಸಿದ್ದವು. ಕೂತು ಪ್ರೂಫು ನೋಡಬೇಕು ಎಂದುಕೊಂಡಿದ್ದರು. ನಿಲ್ಲುವುದೇ ಕಷ್ಟವಾಯಿತು.

"ರಸೂಲ್ ಸಾಬ್ರೇ, ಈ ಸಲ ನಿಜವಾಗ್ಲೂ ಕೊನೆ ಬ್ಯಾರೆ. ಒಂದಕ್ಷರ ಬಿಡಬ್ಯಾಡ್ರಿ."

"ಒಂದಕ್ಷರಾನೂ ತಪ್ಪಾಗಲ್ಲ ಮೇಷ್ಟ್ರೆ. ನೀವು ಮನೀಗೆ ಹೋಗ್ರಿ, ಬೆವರ್ತಿದ್ದೀರಿ."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ಮನೆಗೆ ಓಡಿದರು. ಬೆಳಿಗ್ಗೆ ರಜಾಚೀಟಿಯಲ್ಲಿ ಬರೆದ ಸುಳ್ಳು ಅಕ್ಷರಶಃ ನಿಜವಾಗಿತ್ತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಎದ್ದು ಬಸ್ ನಿಲ್ಲುವ ಕಡೆಗೆ ಬಂದರು. ಇದ್ದಿಲು ಗ್ಯಾಸಿನ ಬಸ್ಸು ಕೆಮ್ಮುತ್ತಾ ನಿಂತಿತ್ತು. ರಸೂಲ್ ಕಟ್ಟುಗಳನ್ನು ಬಸ್ಸಿನ ಮೇಲಕ್ಕೇರಿಸಿ ಆಗಿತ್ತು. ಕಂಕುಳಲ್ಲಿ ಉಳಿದಿದ್ದ ಒಂದು ಪ್ರತಿಯನ್ನು ಮೇಷ್ಟ್ರ ಕೈಗಿಟ್ಟರು. ಶಾಯಿಯ ವಾಸನೆ ಇನ್ನೂ ಹಸಿಯಾಗಿತ್ತು. ಮೇಷ್ಟ್ರು ನೇರವಾಗಿ ಕೊನೆಗೆ ತಿರುವಿದರು.

"ಪ್ರಚಂಡರಾಯನು ತನ್ನ ಎಡಹುಬ್ಬನ್ನು ಮೇಲೇರಿಸಿ ಗರ್ಜಿಸಿದನು: ನಿಮ್ಮ ನಡುವೆಯೇ ಕುಳಿತು, ನಿಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿ, ಇಷ್ಟು ದಿನವೂ ನಿಮ್ಮನ್ನು ವಂಚಿಸಿದ ಆ ನೀಚ ಕಳ್ಳನು ಬೇರಾರೂ ಅಲ್ಲ, ಇದೋ, ಈ ಹಾಲಸ್ವಾಮಿ! ಆ ಮಾತು ಕೇಳುತ್ತಲೇ ಹಾಲಸ್ವಾಮಿಯ ಮುಖವು ಸುಣ್ಣದಂತೆ ಬಿಳುಪೇರಿತು."

ಮೇಷ್ಟ್ರ ಮುಖ ಅದರಂತೆಯೇ ಬಿಳುಪೇರಿತು.

"ಏನ್ರೀ ಇದು ರಸೂಲ್ ಸಾಬ್ರೇ? ನಾನು ಬರೆದದ್ದೆಲ್ಲಿ?"

"ಎಲ್ಲಾ ಸರಿ ಐತಲ್ಲ ಮೇಷ್ಟ್ರೆ. ಕೊನೇ ಫಾರಂ ಯಾವಾಗ್ಲೂ ಅದೇ ಅಲ್ವಾ?"

ಆಗ ತಿಳಿಯಿತು. ಹನ್ನೊಂದನೆಯ ಪುಸ್ತಕದ ಕೊನೆಯ ಹದಿನಾರು ಪುಟದ ಮೊಳೆಯನ್ನು ರಸೂಲ್ ಬಿಚ್ಚಿಯೇ ಇರಲಿಲ್ಲ. ಹನ್ನೆರಡನೆಯದು ಬಂದಾಗ ಓದಿ ನೋಡಿದರು, ಅದೇ ಸಾಲು, ಅದೇ ಹುಬ್ಬು, ಅದೇ ಗರ್ಜನೆ. ಅಷ್ಟಕ್ಕೇ ಮತ್ತೆ ಜೋಡಿಸುವುದೇಕೆಂದು ದಾರ ಕಟ್ಟಿ, ಗೋಣಿತಾಟು ಹೊದಿಸಿ ಮೂಲೆಯಲ್ಲಿಟ್ಟರು. ಅಂದಿನಿಂದ ಪ್ರತಿ ಸಲವೂ ಕೆಂಪು ಗೆರೆಯ ಹೆಸರೊಂದನ್ನು ನೋಡಿಕೊಂಡು, ಮೂಲೆಯ ಹಲಗೆ ತೆಗೆದು, ಕಳ್ಳನ ಹೆಸರಿದ್ದ ಕಡೆಯಲ್ಲೆಲ್ಲ ಆ ಹೆಸರು ಕೂರಿಸಿ ಒತ್ತುತ್ತಿದ್ದರು. ಗೌಸ್‌ಪೀರ್ ಸಾಹೇಬರಿಗೂ ಇದು ಗೊತ್ತಿತ್ತು. ಹತ್ತೊಂಬತ್ತು ಪುಸ್ತಕಗಳಲ್ಲಿ ಮೇಷ್ಟ್ರು ಬರೆದ ಕೊನೆ ಯಾವುದೂ ಅಚ್ಚಾಗಿರಲಿಲ್ಲ. ಅಚ್ಚಾದದ್ದನ್ನು ಮೇಷ್ಟ್ರು ಒಮ್ಮೆಯೂ ತೆರೆದು ಓದಿರಲಿಲ್ಲ. ಓದಿದ್ದರೂ ಗೊತ್ತಾಗುತ್ತಿರಲಿಲ್ಲ.

"ಈ ಸಲ ಬ್ಯಾರೆ ಅಂತ ಹೇಳಿದ್ನಲ್ಲ ನಾನು!"

"ಪ್ರತಿ ಸಲಾನೂ ಹಂಗೇ ಹೇಳ್ತೀರಿ ಮೇಷ್ಟ್ರೆ," ಎಂದರು ರಸೂಲ್ ಮೆಲ್ಲಗೆ. ಅವರ ಸ್ವರದಲ್ಲಿ ಕುಹಕವಿರಲಿಲ್ಲ. "ಕೆಂಪು ಗೆರೆ ಎಲ್ಲೈತೆ ಅಂತ ಹುಡುಕ್ದೆ. ನಿಮ್ಮ ಹೆಸರಿಗಿತ್ತು. ನಂಗೂ ಒಂದು ಗಳಿಗೆ ಕೈ ಬರ್ಲಿಲ್ಲ. ಬರೆಯೋರು ಅವ್ರು, ಯಾರನ್ನ ಕಳ್ಳ ಮಾಡಿದ್ರೂ ಅವ್ರ ಮರ್ಜಿ ಅಂತ ಹಾಕಿಬಿಟ್ಟೆ."

"ನನ್ನ ಹಾಳೆ ಎಲ್ಲಿ? ಅದನ್ನಾದ್ರೂ ಕೊಡ್ರಿ."

ರಸೂಲ್ ಬಸ್ಸಿನ ಮೇಲೆ ನೋಡಿದರು. ಕಾಗದಕ್ಕೆ ಬರವಿದ್ದ ಕಾಲ. ಹೊನ್ನಾಳಿಯ ಕಟ್ಟಿಗೆ ಸುತ್ತಲು ಹಾಳೆ ಸಾಲದೆ, ಮೇಷ್ಟ್ರ ಹಸ್ತಪ್ರತಿಯನ್ನೇ ಗೋಂದು ಹಚ್ಚಿ ಸುತ್ತಿದ್ದರು. ತಮ್ಮ ಅಕ್ಷರ ಹೊರಮುಖವಾಗಿ ಮೇಲಿರುವುದು ಮೇಷ್ಟ್ರಿಗೆ ಕಂಡಿತು. "ನಿಲ್ಸ್ರೀ! ನಿಲ್ಸ್ರೀ!" ಎಂದು ಓಡಿದರು. ಇದ್ದಿಲಿನ ಹೊಗೆ ಮುಖಕ್ಕೆ ಬಡಿದು, ಬಸ್ಸು ಹೊನ್ನಾಳಿಯ ದಾರಿ ಹಿಡಿಯಿತು. ಆಮೇಲೆ ಹೊನ್ನಾಳಿಯವರಿಗೆ ಕಾರ್ಡು ಬರೆದದ್ದಾಯಿತು. ಸುತ್ತಿದ ಹಾಳೆ ಆ ದಿನವೇ ನೀರೊಲೆಗೆ ಹೋಯಿತೆಂದು ಅವರು ವಿನಯದಿಂದ ತಿಳಿಸಿದರು.

ವಾರ ಕಳೆಯುವುದರೊಳಗೆ ಅಮೀರ್‌ಜಾನರು ಬೀದಿಯ ಆ ತುದಿಯಿಂದಲೇ ಕೂಗುತ್ತಾ ಬಂದರು. "ಮೇಷ್ಟ್ರೇ, ಜಗಳೂರಿನೋರು ಸೋತ್ರಂತೆ!"

ಪ್ರೇಮಮ್ಮ ಬರೆದಿದ್ದರು: "ಮಾನ್ಯರೇ, ಕೈಮುಗಿದೆ. ಬರೆದವರೇ ಕಳ್ಳರೆಂದು ಯಾರು ತಾನೇ ಊಹಿಸಿಯಾರು? ಓದಿ ಬೆಚ್ಚಿದೆ. ಆಮೇಲೆ ಯೋಚಿಸಿದರೆ ನ್ಯಾಯವಾಗಿಯೇ ಇದೆ ಎನಿಸಿತು. ಇಷ್ಟು ವರ್ಷ ಒಂದೇ ಕೊನೆಯನ್ನು ಕೊಟ್ಟು ನಮ್ಮನ್ನು ವಂಚಿಸಿದ್ದನ್ನು ತಾವೇ ಒಪ್ಪಿಕೊಂಡಿರಿ. ದೊಡ್ಡ ಗುಣ. ಮುಂದಿನ ಪುಸ್ತಕ ತಪ್ಪದೆ ಕಳಿಸಿ."

ಹೊನ್ನಾಳಿಯವರು ಇನ್ನೆರಡು ಕಟ್ಟು ಕೇಳಿದರು. ನ್ಯಾಮತಿಯಲ್ಲಿ ಮತ್ತೆ ಹೊಲಿಗೆ ಬಿಚ್ಚಿ ಹಂಚಿಕೊಂಡರಂತೆ. ದೊಡ್ಡಕ್ಕ ಮಾತ್ರ ಮೇಷ್ಟ್ರು ಬೀದಿಯಲ್ಲಿ ಕಂಡರೆ ಪೆಟ್ಟಿಗೆಯ ಬೀಗ ಎಳೆದು ನೋಡತೊಡಗಿದರು. ಗೌಸ್‌ಪೀರ್ ಸಾಹೇಬರು ಸೋಡಾ ತರಿಸಿ, "ಶಹಬ್ಬಾಸ್ ಮೇಷ್ಟ್ರೆ! ನಲವತ್ತರ ತನಕ ಬರೀರಿ. ಕೊನೆ ಇದೇ ಇರ್ಲಿ. ಕಳ್ಳಾನೂ ನೀವೇ ಇರ್ರಿ, ರಸೂಲ್‌ಗೆ ಹೆಸರು ಬದ್ಲಾಯಿಸೋ ಕೆಲಸಾನೂ ಉಳೀತು," ಎಂದರು.

ನಿಜ ಹೇಳಬೇಕೆಂದು ಮೇಷ್ಟ್ರು ಬಾಯಿ ತೆರೆದರು. ಆಮೇಲೆ ಸೋಡಾ ಕುಡಿದರು.

ಒಂದೇ ಒಂದು ಕಡೆಗೆ ಹೋಗಲು ಅವರಿಗೆ ಕಾಲು ಬರುತ್ತಿರಲಿಲ್ಲ. ಆದರೂ ಸುಲಿಯುವ ಕಾಲ ಮುಗಿಯುವ ಮೊದಲು ಒಂದು ಮಧ್ಯಾಹ್ನ, ಪುಸ್ತಕ ಹಿಡಿದು ಮುರುಗೇಶಪ್ಪನವರ ಚಪ್ಪರಕ್ಕೆ ಹೋದರು.

"ಬಂತಾ ಪುಸ್ತಕ?" ಎಂದಳು ಭೀಮಕ್ಕ. "ಅದನ್ನ ಹಾಕಿದ್ರಾ ಮೇಷ್ಟ್ರೆ?"

"ಹಾಕೀವಿ."

"ಓದ್ರಿ ಮತ್ತೆ, ಕೇಳಾನ."

ಭೀಮಕ್ಕನಿಗೆ ಅಕ್ಷರ ಬಾರದು. ಮೇಷ್ಟ್ರು ಕೊನೆಯ ಫಾರಂ ತೆರೆದು, "ಇದೋ, ಈ ಹಾಲಸ್ವಾಮಿ!" ಎಂಬ ಸಾಲಿನ ಮೇಲೆ ಕಣ್ಣಿಟ್ಟು, ಅಲ್ಲಿಲ್ಲದ್ದನ್ನು ಓದತೊಡಗಿದರು. ಸರ ಸಿಗಲಿಲ್ಲ ತಾಯಿ, ಹುಡುಕುತ್ತಿರುತ್ತೇನೆ. ಕೆಲವು ಮಾತು ನೆನಪಾದವು, ಕೆಲವು ಆಗಲೇ ಮರೆತುಹೋಗಿದ್ದವು. ಮರೆತ ಕಡೆ ಗಂಟಲು ಸರಿಮಾಡಿಕೊಂಡು ಹೊಸದಾಗಿ ಕಟ್ಟಿ ಹೇಳಿದರು. ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ ಎಂದು ಅವರಿಗೇ ತಿಳಿಯುತ್ತಿತ್ತು.

ಭೀಮಕ್ಕ ಕತ್ತಿಯಾಡಿಸುತ್ತಾ ಕೇಳಿದಳು. ಒಮ್ಮೆ ತಲೆಯೆತ್ತಿ ಮೇಷ್ಟ್ರ ಮುಖ ನೋಡಿದಳು, ಅವರ ಕೈಯಲ್ಲಿದ್ದ ಪುಸ್ತಕ ನೋಡಿದಳು. ಮತ್ತೆ ತಲೆ ತಗ್ಗಿಸಿ ಇನ್ನೊಂದು ಅಡಿಕೆ ಎತ್ತಿಕೊಂಡಳು.

"ಹಾಳೆ ತಿರುವ್ರಿ ಮೇಷ್ಟ್ರೆ," ಎಂದಳು ಮೆಲ್ಲಗೆ, ಪಕ್ಕದವರಿಗೆ ಕೇಳಿಸದಂತೆ. "ಆಗ್ಲಿಂದ ಒಂದೇ ಹಾಳೆ ನೋಡ್ತಿದ್ದೀರಿ."

ಮೇಷ್ಟ್ರು ಹಾಳೆ ತಿರುವಿದರು.

"ಹೂಂ," ಎಂದಳು ಭೀಮಕ್ಕ, "ಮುಂದೆ ಓದ್ರಿ. ಚೆಂದಾಗಿ ಹಾಕ್ಯಾರೆ."